ಕಲ್ಲುಬೀಜವನ್ನು ಎಬ್ಬಿಸುವುದು

ಜನವರಿ 6

ಮಾವ ಈ ಪುಸ್ತಕ ಕೊಟ್ಟಿದ್ದು ಯಾವ ಬೀಜವನ್ನು ಯಾವತ್ತು ನೆನೆಹಾಕಿದೆವು, ಯಾವತ್ತು ಮೊಳಕೆ ಬಂತು ಎಂದು ಬರೆಯಲಿಕ್ಕೆ. ಮೊಳಕೆ ಬಂದರೆ ತಾನೇ ಬರೆಯುವುದು. ಅಲ್ಲಿಯವರೆಗೆ ಹಾಳೆಗಳನ್ನು ಖಾಲಿ ಬಿಡುವ ಬದಲು ನನ್ನ ವಿಷಯ ಬರೆದುಕೊಳ್ಳುತ್ತೇನೆ. ಒಂದೇ ಷರತ್ತು, ಇದರಲ್ಲಿ ಸುಳ್ಳು ಇರಬಾರದು.

ನಾನು ಶಾಲೆ ಬಿಟ್ಟವಳು. ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು "ಯಾರ್ಯಾರು ನೋಡಿ ಬರೆದ್ರಿ?" ಎಂದು ಕೇಳಿದಾಗ ಎದ್ದು ನಿಂತು "ನಾನು, ಆಮೇಲೆ ಈ ಸಾಲು ಪೂರ್ತಿ" ಎಂದೆ. ಆ ಸಾಲಿನವರು ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಮನೆಯಲ್ಲಿ ಕೂತರೆ ಗೋಡೆ ಕೆರೆಯುತ್ತೇನೆ ಎಂದು ಅಮ್ಮ ನನ್ನನ್ನು ತನ್ನ ತಮ್ಮನ ಬಳಿಗೆ, ಇಲ್ಲಿಗೆ, ಕಳಿಸಿದಳು. ಮಾವ ಕಾಡುಮರಗಳ ಸಸಿ ಬೆಳೆಸುವ ಈ ನರ್ಸರಿಯ ಮೇಲ್ವಿಚಾರಕರು. ತಗಡಿನ ಉದ್ದನೆಯ ಶೆಡ್ಡು, ಪಕ್ಕದಲ್ಲೇ ಮನೆ, ಹಿಂದೆ ಗುಡ್ಡ.

ಅತ್ತೆ ನನ್ನನ್ನು ನೋಡಿ ಅಂದಿದ್ದು: "ಏನೇ ಇದು, ಅಕ್ಕ ಮಗಳನ್ನ ಕಳಿಸ್ತೀನಿ ಅಂತ ಹೇಳಿ ಕಡ್ಡಿ ಕಳಿಸಿದಾಳೆ!" ಅಂದಿನಿಂದ ಎಲ್ಲರಿಗೂ ನಾನು ಕಡ್ಡಿ.

ಜನವರಿ 15

ಇವತ್ತು ನನ್ನ ತೋಳಿನಲ್ಲಿ ತೂತು ಬಿತ್ತು. ಅಂಗಿಯ ತೋಳಿನಲ್ಲಿ, ಚರ್ಮದಲ್ಲಿ ಅಲ್ಲ.

ಗುಡ್ಡದ ಮರಕ್ಕೆ ಇಲ್ಲಿನವರು ಕಲ್ಲುಬೀಜದ ಮರ ಎನ್ನುತ್ತಾರೆ. ಬೀಜದ ಸಿಪ್ಪೆ ಅಷ್ಟು ಗಟ್ಟಿ. ಕತ್ತರಿಯಲ್ಲಿ ಸೀಳಿ ನೋಡಿದರೆ ಒಳಗೆ ಬೆಳ್ಳಗೆ, ಒದ್ದೆಯಾಗಿ, ಜೀವಂತ. ಆದರೆ ಮಣ್ಣಿಗೆ ಹಾಕಿದರೆ ವರ್ಷಗಟ್ಟಲೆ ಮಲಗಿರುತ್ತದೆ. ಸತ್ತಿದ್ದಲ್ಲ, ನಿದ್ದೆ. ನೀರು ಒಳಗೆ ಹೋಗುವುದಿಲ್ಲ, ಅದಕ್ಕೆ ಏಳುವುದಿಲ್ಲ. ಹೇಗಾದರೂ ಮಾಡಿ ಸಿಪ್ಪೆಯನ್ನು ಸೋಲಿಸುವುದೇ ನಮ್ಮ ಕೆಲಸ.

ಕುದಿಯುವ ನೀರು ಹುಯ್ದು ಆರಲು ಬಿಟ್ಟು ನೋಡಿದೆವು. ಏಳಲಿಲ್ಲ. ಡಬ್ಬಿಯ ಒಳಗೆ ಮರಳುಕಾಗದ ಅಂಟಿಸಿ, ಬೀಜ ತುಂಬಿ ಅಲ್ಲಾಡಿಸಿದೆವು. "ಮಾವನೂ ಸೊಸೆಯೂ ಸೇರಿ ಗಿಲಕಿ ಆಡ್ತಿದೀರಾ?" ಎಂದು ಅತ್ತೆ ನಕ್ಕರು. ಏಳಲಿಲ್ಲ. ಇವತ್ತು ಆಸಿಡ್. ಬೀಜವನ್ನು ಒಣಗಿಸಿಯೇ ಹಾಕಬೇಕು ಎಂದು ಮಾವ ಹೇಳಿದ್ದರು. ನನಗೆ ಕಾಯಲು ಆಗಲಿಲ್ಲ. ತೊಳೆದ ಬೀಜವನ್ನು ಹಾಗೆಯೇ ಸುರಿದೆ. ಜಾಡಿ ಚಟಪಟ ಎಂದಿತು, ಬಿಸಿಯಾಯಿತು, ಸಿಡಿಯಿತು.

"ಒಣಗಿತ್ತೇನೇ?"

"ಇಲ್ಲ ಮಾವ. ಒದ್ದೆ ಇತ್ತು. ಗೊತ್ತಿದ್ದೇ ಹಾಕಿದೆ."

ಮಾವ ಬೈಯಲಿಲ್ಲ. ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ಬಹಳ ಹೊತ್ತು ನಿಂತರು. "ಸುಳ್ಳು ಹೇಳೋದು ಬರಲ್ಲ ನಿನಗೆ," ಎಂದರು. ಹೊಗಳಿದರೋ ಮರುಗಿದರೋ ಗೊತ್ತಾಗಲಿಲ್ಲ.

ಫೆಬ್ರುವರಿ 3

ದಿನಾ ಮಧ್ಯಾಹ್ನ ಗೋಪುರದ ತಾತನಿಗೆ ಊಟದ ಡಬ್ಬಿ ಒಯ್ಯುವ ಕೆಲಸ ನನ್ನದಾಗಿದೆ. ಒಂದು ಕಡೆ ಕೂರದವಳಿಗೆ ಇದೇ ಸರಿ ಎಂದು ಅತ್ತೆ.

ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಗೋಪುರವಿದೆ. ಅದರ ಮೇಲೆ ಕೂತು ತಾತ ಕಾಡಿಗೆ ಬೆಂಕಿ ಬಿದ್ದೀತೇ ಎಂದು ಕಾಯುತ್ತಾರೆ. ಹೊಗೆ ಕಂಡರೆ ಗಂಟೆ ಹೊಡೆಯಬೇಕು. ಆ ಗಂಟೆ ಹೊಡೆದು ಎಷ್ಟೋ ವರ್ಷವಾಯಿತಂತೆ. "ನಾನು ಇಲ್ಲಿಗೆ ಬಂದಾಗ ನನ್ನ ತಲೆ ತುಂಬಾ ಕೂದಲಿತ್ತು. ಕೂದಲು ಹೋಯ್ತು, ಒಂದು ಎಲೆ ಸುಡಲಿಲ್ಲ," ಎನ್ನುತ್ತಾರೆ.

ಗುಡ್ಡ ಹತ್ತುವವರ ಜೇಬನ್ನು ಅವರೇ ತಡವಿ ನೋಡುತ್ತಾರೆ. ಸೌದೆಗೆ ಬರುವ ಹೆಂಗಸರಿರಲಿ, ಅರಣ್ಯ ಇಲಾಖೆಯ ಸಾಹೇಬರಿರಲಿ, ಬೆಂಕಿಪೊಟ್ಟಣವನ್ನು ಅಲ್ಲೇ ಒಂದು ತಗಡಿನ ಡಬ್ಬದಲ್ಲಿ ಇಟ್ಟು ಹೋಗಬೇಕು. ಎಷ್ಟೋ ಜನ ವಾಪಸು ಕೇಳುವುದನ್ನೇ ಮರೆಯುತ್ತಾರೆ. ಡಬ್ಬ ಮುಕ್ಕಾಲು ತುಂಬಿದೆ.

ನನ್ನ ಜೇಬಿನಲ್ಲಿ ಸಿಕ್ಕಿದ್ದು ಬೀಜ ಮಾತ್ರ. "ಇಟ್ಕೊಳಮ್ಮ ಇಟ್ಕೊ. ಅಷ್ಟಾದರೂ ಭಾರ ಇರಲಿ, ಇಲ್ಲಾಂದ್ರೆ ಗಾಳಿ ನಿನ್ನ ಹೊತ್ಕೊಂಡು ಹೋಗುತ್ತೆ."

ಅವರ ಎಡಗೈಯ ಚರ್ಮ ಮೊಣಕೈವರೆಗೆ ಸುಕ್ಕುಸುಕ್ಕು, ಹೊಳೆಯುತ್ತದೆ. ಸುಟ್ಟ ಗಾಯವೇ ಎಂದು ಕೇಳಿದೆ. ಹೌದು ಎಂದರು. ಕಾಲೂ ಸರಿಯಿಲ್ಲ, ಇಳಿಜಾರಿನಲ್ಲಿ ಎಳೆದುಕೊಂಡು ನಡೆಯುತ್ತಾರೆ.

ಫೆಬ್ರುವರಿ 11

ಫ್ರಿಜ್ಜಿನಲ್ಲಿ ಒದ್ದೆ ಮರಳು, ಮರಳಿನಲ್ಲಿ ಬೀಜ. ಚಳಿ ಕೊಟ್ಟು ಎಬ್ಬಿಸುವ ವಿಧಾನ. "ತರಕಾರಿ ಎಲ್ಲಿಡಲಿ, ನಿಮ್ಮ ತಲೆ ಮೇಲಾ?" ಎಂದು ಅತ್ತೆ. ಏಳಲಿಲ್ಲ.

ಫೆಬ್ರುವರಿ 20

ಇಲಾಖೆಯ ಸಾಹೇಬರು ಬಂದಿದ್ದರು. ಶೆಡ್ಡಿನಲ್ಲಿ ಒಂದು ಸುತ್ತು ಹಾಕಿ, ಮರಳಿನ ತಟ್ಟೆಗಳನ್ನು ನೋಡಿ, "ಹೇಗಿದೆ?" ಎಂದು ಕೇಳಿದರು.

"ಇವತ್ತು ನಾಳೆ ಮೊಳಕೆ ಬರೋ ಹಂತದಲ್ಲಿದೆ ಸಾರ್," ಎಂದರು ಮಾವ.

ಸಾಹೇಬರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಇಲ್ಲ ಸಾರ್. ಒಂದೂ ಬಂದಿಲ್ಲ. ಬರೋ ಲಕ್ಷಣವೂ ಇಲ್ಲ."

ಆಮೇಲೆ ಅವರು ಹೇಳಿದ್ದು ಇದು. ಗುಡ್ಡದಲ್ಲಿ ಇರುವುದೆಲ್ಲ ಮುದಿ ಮರ. ಒಂದು ಮರಿಯಿಲ್ಲ. ಮಕ್ಕಳಿಲ್ಲದ ಕಾಡು ಇನ್ನೆಷ್ಟು ದಿನ? ಕಲ್ಲು ಗಣಿಯವರು ಕೇಳುತ್ತಿದ್ದಾರೆ. ಈ ಮಳೆಗಾಲ ಒಂದು ನೋಡುತ್ತೇವೆ. ಗುಡ್ಡದಲ್ಲಿ ಎಳೆ ಗಿಡ ಕಂಡರೆ ಸರಿ, ಇಲ್ಲದಿದ್ದರೆ ಗುಡ್ಡ ಗಣಿಗೆ, ನರ್ಸರಿಗೆ ಬೀಗ. ಮನೆಯೂ ನರ್ಸರಿಯದೇ.

ಅವರ ಜೀಪು ಹೋದ ಮೇಲೆ ಮಾವ ತಟ್ಟೆಗಳ ಮರಳನ್ನು ಬೆರಳಿನಿಂದ ಕೆದಕುತ್ತಾ ಕೂತರು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದರು. ನಾನು ನಿಜ ಹೇಳಿದ್ದು ತಪ್ಪೇ?

ಫೆಬ್ರುವರಿ 21

ಮಾವ ಬೆಳಿಗ್ಗೆ ಕರೆದು ಹೇಳಿದರು: "ನೋಡು ಕಡ್ಡಿ, ಸುಳ್ಳು ಹೇಳು ಅಂತ ನಾನು ಹೇಳಲ್ಲ. ಆದ್ರೆ ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಹೇಳು. 'ಹೌದೇನಮ್ಮ' ಅಂದ್ರೆ 'ನೋಡ್ತಾ ಇದೀವಿ ಸಾರ್' ಅನ್ನು. ಅದು ಸುಳ್ಳಾ?"

ಯೋಚಿಸಿದೆ. ಸುಳ್ಳಲ್ಲ. ನಾವು ನೋಡುತ್ತಲೇ ಇದ್ದೆವು.

ಇದು ಯಾಕೆ ಇಷ್ಟು ವರ್ಷ ನನಗೆ ಹೊಳೆಯಲಿಲ್ಲ?

ಮಾರ್ಚ್ 11

ಎದ್ದಿದೆ!

ಶೆಡ್ಡಿನ ಹಿಂದೆ ಕಸದ ಗುಂಡಿ ಇದೆ. ಸೋತ ಬೀಜಗಳನ್ನೆಲ್ಲ ಅಲ್ಲಿಗೇ ಚೆಲ್ಲುತ್ತಿದ್ದೆವು. ಅತ್ತೆ ಅದರ ಮೇಲೆ ತರಗೆಲೆ ಗುಡಿಸಿ ಹಾಕಿ ಸುಟ್ಟಿದ್ದರು. ಬಟ್ಟೆ ಒಗೆದ ನೀರು ಅಲ್ಲಿಗೇ ಹರಿಯುತ್ತದೆ. ಇವತ್ತು ಪೊರಕೆ ತರಲು ಹೋದರೆ ಬೂದಿಯ ನಡುವೆ ಹಸಿರು. ಎರಡೆರಡು ಎಲೆ, ಬೆರಳಿನ ಉಗುರಿನಷ್ಟು. ಎಳೆದು ನೋಡಿದೆ. ಬುಡದಲ್ಲಿ ಕಲ್ಲುಬೀಜದ ಸಿಪ್ಪೆ, ಎರಡು ಹೋಳಾಗಿ.

ಮಾವ ಬೂದಿಯಲ್ಲೇ ಮಂಡಿಯೂರಿ ಕೂತುಬಿಟ್ಟರು. "ನೀರಲ್ಲ, ಆಸಿಡ್ಡಲ್ಲ. ಬೆಂಕಿ!" ಎಂದು ನಕ್ಕರು, ಕಣ್ಣು ಒರೆಸಿಕೊಂಡರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಇಷ್ಟು ದಿನ ಇಬ್ಬರೂ ತಲೆ ಕೆಡಿಸ್ಕೊಂಡ್ರಿ. ನಾನು ಪೊರಕೆ ಹಿಡ್ಕೊಂಡೇ ಎಬ್ಬಿಸಿದೆ ನೋಡಿ," ಎಂದರು.

ಮಾರ್ಚ್ 29

ಹದಿನೈದು ದಿನದಿಂದ ಸುಡುತ್ತಿದ್ದೇವೆ. ನನ್ನ ಕೂದಲಿಗೆಲ್ಲ ಹೊಗೆಯ ವಾಸನೆ. ಚೆನ್ನಾಗಿದೆ.

ಮಣ್ಣಿನ ಮೇಲೆಯೇ ಬಿದ್ದ ಬೀಜ ಬೆಂದು ಸಾಯುತ್ತದೆ. ಒಂದು ಬೆರಳು ಆಳದಲ್ಲಿ ಇದ್ದದ್ದು ಏಳುತ್ತದೆ. ಎರಡು ಬೆರಳು ಆಳದಲ್ಲಿ ಇದ್ದದ್ದಕ್ಕೆ ಏನೂ ಗೊತ್ತಾಗುವುದಿಲ್ಲ. ಹುಲ್ಲಿನ ಬೆಂಕಿ ಸಾಲದು, ಭರ್‍ರನೆ ಹತ್ತಿ ಆರಿಹೋಗುತ್ತದೆ. ತರಗೆಲೆ ದಪ್ಪಗೆ ಇರಬೇಕು, ನಿಧಾನವಾಗಿ ಉರಿಯಬೇಕು. ಸುಟ್ಟ ಮೇಲೆ ಬೇಗ ನೀರು ಬೀಳಬೇಕು. ಇದನ್ನೆಲ್ಲ ಕಂಡುಹಿಡಿದವಳು ನಾನು. ಮಾವನೇ ಹಾಗೆಂದರು.

ಆದರೆ ಗೋದಾಮಿನ ಬೀಜ ಈ ಪ್ರಯೋಗದಲ್ಲೇ ಮುಗಿಯಿತು. ಮರಗಳು ಈ ವರ್ಷ ಕಾಯಿ ಕಟ್ಟಿಲ್ಲ. ಉಳಿದದ್ದೆಲ್ಲ ಗುಡ್ಡದ ಮಣ್ಣಿನಲ್ಲಿ, ಎಷ್ಟೋ ಕಾಲದಿಂದ ಉದುರಿದ್ದು, ಮಲಗಿದೆ. ಹಾಗೆಂದರೆ ಗುಡ್ಡಕ್ಕೆ ಮಕ್ಕಳಿಲ್ಲದೆ ಇಲ್ಲ. ಬೆಂಕಿ ಬೀಳದ ಹಾಗೆ ಕಾದು ಕಾದು ತಾತ ಅವರನ್ನು ಏಳಲು ಬಿಟ್ಟಿಲ್ಲ.

ಏಪ್ರಿಲ್ 8

ಒಂದು ಮೂಲೆಯನ್ನಷ್ಟೇ ಸುಡಲು ಅನುಮತಿ ಕೊಡಿ ಎಂದು ಮಾವ ಸಾಹೇಬರಿಗೆ ಫೋನ್ ಮಾಡಿದರು. ಆ ಕಡೆಯ ನಗು ನನಗೂ ಕೇಳಿಸಿತು. "ಕಾಡು ಕಾಯೋಕೆ ಸಂಬಳ ಕೊಡ್ತೀವಿ, ಸುಡೋಕೂ ಕೊಡಬೇಕಾ?"

ನಾನು ತಾತನನ್ನೇ ಕೇಳಿದೆ. ಅವರು ಊಟ ನಿಲ್ಲಿಸಿದರು.

"ಕಡ್ಡಿ, ಬೆಂಕಿಗೆ ಬಾ ಅನ್ನಬಹುದಮ್ಮ. ಹೋಗು ಅನ್ನೋಕಾಗಲ್ಲ." ಎಡಗೈಯನ್ನು ಮುಂದೆ ಚಾಚಿದರು. "ಇದು ನಾನು ಇಲ್ಲಿಗೆ ಬರೋ ಮೊದಲು, ಒಂದು ಮೂಲೆ ಸುಡೋಕೆ ಹೋಗಿ ಆದದ್ದೇ."

"ಹಾಗಾದ್ರೆ ಗುಡ್ಡ ಗಣಿಗೆ ಹೋಗಲಿ ಅಂತೀರಾ?"

"ನಾನು ಓದಿದೋನಲ್ಲ. ಹೊಗೆ ಕಂಡ್ರೆ ಗಂಟೆ ಹೊಡೀತೀನಿ. ಅಷ್ಟೇ ಗೊತ್ತಿರೋದು."

ಇಳಿಯುವಾಗ ಸಿಟ್ಟಿನಲ್ಲಿ ಒಂದು ಕಲ್ಲನ್ನು ಒದ್ದೆ. ಬೆರಳು ಊದಿಕೊಂಡಿದೆ.

ಏಪ್ರಿಲ್ 9

ಮಾವ ಕೈಚೆಲ್ಲಿದ್ದಾರೆ. "ನಾವು ಮಾಡೋದು ಮಾಡಿದ್ವಿ," ಎನ್ನುತ್ತಾರೆ. ಅತ್ತೆ ಹಳೆಯ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ ಧೂಳು ಹೊಡೆಯುತ್ತಿದ್ದಾರೆ. ಒಂದೊಂದು ಪೆಟ್ಟಿಗೆಯ ಮುಚ್ಚಳ ತೆರೆದಾಗಲೂ ಸುಮ್ಮನೆ ಒಳಗೆ ನೋಡುತ್ತಾ ನಿಲ್ಲುತ್ತಾರೆ.

ಶಾಲೆ ಅರ್ಧಕ್ಕೆ ಬಿಟ್ಟೆ. ಇದನ್ನೂ ಅರ್ಧಕ್ಕೆ ಬಿಡಬೇಕೇ?

ಏಪ್ರಿಲ್ 24

ತರಗೆಲೆಯ ದಪ್ಪ ನೋಡಿದೆ. ಪೂರ್ವದ ಇಳಿಜಾರಿನಲ್ಲಿ ನನ್ನ ಮೊಣಕಾಲಿನವರೆಗೆ. ಕೆಳಗಿನ ಪದರ ಒದ್ದೆ, ಮೇಲಿನದು ಹಪ್ಪಳದ ಹಾಗೆ. ಸುಮ್ಮನೆ ನೋಡಿದ್ದು.

ಮೇ 2

ಮಧ್ಯಾಹ್ನ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಸಂಜೆ ಮೇಲಿನಿಂದ ಕೆಳಕ್ಕೆ. ತಾತನೇ ಹೇಳಿಕೊಟ್ಟರು. ಬೇರೆ ಬೇರೆ ಹೊಗೆಗಳ ಬಣ್ಣವನ್ನೂ ಹೇಳಿಕೊಟ್ಟರು. ಗಂಟೆಯ ಹಗ್ಗ ಎಳೆಯುವುದು ಹೇಗೆ ಎಂದು ತೋರಿಸಿದರು. "ನನ್ನ ನಂತರ ನೀನೇ ಕೂತ್ಕೋಬಹುದು ಇಲ್ಲಿ. ಸುಳ್ಳು ಹೇಳೋಳಲ್ಲ. ಈ ಕೆಲಸಕ್ಕೆ ಅದೊಂದು ಸಾಕು."

ಏನು ಯೋಚಿಸ್ತಿದೀಯ ಎಂದು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಅವರು ಕೇಳಲಿಲ್ಲ.

ಮೇ 13

ಅಮ್ಮ ಫೋನ್ ಮಾಡಿದ್ದಳು. "ಚೆನ್ನಾಗಿದೀಯೇನೇ?" ಎಂದಳು. ಮೊದಲಾದರೆ ಊಟದಲ್ಲಿ ಉಪ್ಪು ಜಾಸ್ತಿ, ಬೆನ್ನು ನೋವು, ಬೇಜಾರು ಎಂದು ಎಲ್ಲ ಒದರುತ್ತಿದ್ದೆ. ಇವತ್ತು "ಕೆಲಸ ಇದೆ" ಎಂದೆ. ನಿಜವೇ.

"ದೊಡ್ಡೋಳಾಗಿದೀಯ," ಎಂದಳು ಅಮ್ಮ. ಸಂತೋಷಪಟ್ಟಳು.

ಮೇ 22

ತಾತನನ್ನು ಒಂದು ದಿನ ಊಟಕ್ಕೆ ಕರೆಯೋಣ ಎಂದು ಹೋದ ವಾರ ಅತ್ತೆಗೆ ಹೇಳಿದ್ದೆ. ಪಾಪ, ಮೇಲೆ ಒಬ್ಬರೇ ಕೂತು ಆರಿದ್ದು ಉಣ್ಣುತ್ತಾರೆ.

"ಅಬ್ಬಾ, ಕಡ್ಡಿಗೂ ಕರುಳು ಅಂತ ಇದೆ!" ಎಂದು ಅತ್ತೆ ನನ್ನ ಗಲ್ಲ ಹಿಂಡಿದರು.

ತಾತ ಮೊದಲು ಒಪ್ಪಲಿಲ್ಲ. ಗೋಪುರ ಬಿಟ್ಟು ಹೇಗೆ ಬರುವುದು? ಅಷ್ಟು ಹೊತ್ತು ನಾನು ಕೂತಿರುತ್ತೇನೆ ಎಂದೆ. ನಾಲ್ಕು ದಿನ ಬೇಡ ಬೇಡ ಎಂದವರು ಇವತ್ತು ಹೂಂ ಎಂದರು. ಮೋಡ ಕಟ್ಟುತ್ತಿರುವ ದಿನ ನೋಡಿ ಹೋಗುತ್ತಾರಂತೆ, ಗಾಳಿಯಲ್ಲಿ ತೇವ ಇದ್ದರೆ ಬೆಂಕಿಯ ಭಯ ಕಡಿಮೆ. ನನಗೂ ಅಂಥ ದಿನವೇ ಬೇಕು. ಬೆಂಕಿಯ ಹಿಂದೆಯೇ ಮಳೆ ಬರಬೇಕು.

ಮೇ 27

ದೂರದಲ್ಲಿ ಗುಡುಗು. ನಾಳೆ.

ಮೇ 30

ಮೊನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತಾತ ಒಗೆದ ಅಂಗಿ ಹಾಕಿಕೊಂಡು ಸಿದ್ಧವಾಗಿ ಕೂತಿದ್ದರು. ಅಭ್ಯಾಸದಂತೆ ನನ್ನ ಜೇಬು ತಡವಿದರು. ಬೀಜ ಮಾತ್ರ ಇತ್ತು. "ಹೊಗೆ ಕಂಡ್ರೆ ಏನು ಮಾಡಬೇಕು ಗೊತ್ತಲ್ಲ?" ಎಂದರು. ಗೊತ್ತು ಎಂದೆ. ಕಾಲೆಳೆದುಕೊಂಡು ಇಳಿದರು. ಎರಡು ಸಲ ತಿರುಗಿ ಕೈ ಬೀಸಿದರು.

ಅವರು ಮನೆ ಸೇರುವಷ್ಟು ಹೊತ್ತು ಕಾದೆ. ಈ ಸಲ ಕಾದೆ. ಆಮೇಲೆ ಅವರ ಡಬ್ಬದಿಂದ ಒಂದು ಪೊಟ್ಟಣ ತೆಗೆದುಕೊಂಡು ಪೂರ್ವದ ಇಳಿಜಾರಿಗೆ ಹೋದೆ. ಒಂದೇ ಕಡ್ಡಿ ಸಾಕಾಯಿತು.

ಮೊದಲು ನಾನು ಅಂದುಕೊಂಡ ಹಾಗೆಯೇ ಇತ್ತು. ನಿಧಾನ, ಮೊಣಕಾಲೆತ್ತರ. ಆಮೇಲೆ ಎಲ್ಲೋ ಒಳಗಿನಿಂದ ಒಂದು ಸದ್ದು ಬಂತು, ದೊಡ್ಡ ಬಟ್ಟೆಯನ್ನು ಹರಿದ ಹಾಗೆ. ಅಷ್ಟು ವರ್ಷದ ಎಲೆ. ನಾನು ಗುಡ್ಡದ ಹಿಂದಿನ ದಾರಿಯಲ್ಲಿ ಓಡಿ ಇಳಿದೆ.

ಮನೆಯಲ್ಲಿ ಊಟದ ತಟ್ಟೆ ಹಾಗೆಯೇ ಇತ್ತು. ಅನ್ನದಲ್ಲಿ ಬೆರಳಿನ ಗುರುತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡು ಕಿರುಚಿ, ಅಪ್ಪಿಕೊಂಡು, ಹೊಡೆದು, ಮತ್ತೆ ಅಪ್ಪಿಕೊಂಡರು.

"ತಾತ ಎಲ್ಲಿ?"

"ಕಿಟಕಿಲಿ ಹೊಗೆ ನೋಡಿದ್ರು. ಗಂಟೆ ಕೇಳಿಸ್ತಿಲ್ಲ, ಹುಡುಗಿ ಮೇಲಿದಾಳೆ ಅಂದ್ರು. ಕೈ ಕೂಡ ತೊಳೀಲಿಲ್ಲ ಕಣೇ. ನಿಮ್ಮ ಮಾವ ಹಿಂದೆಯೇ ಹೋದ್ರು."

ಮುಂದಿನ ದಾರಿಯಲ್ಲಿ ಅವರು ಹತ್ತುವಾಗ ಹಿಂದಿನ ದಾರಿಯಲ್ಲಿ ನಾನು ಇಳಿದಿದ್ದೆ.

ಆಗ ಗಂಟೆ ಹೊಡೆಯಿತು. ನಾನು ಅದನ್ನು ಕೇಳಿದ್ದು ಅದೇ ಮೊದಲು. ಹೊಡೆಯುತ್ತಲೇ ಇತ್ತು. ಆಮೇಲೆ ಮಳೆ ಬಂತು, ಗಂಟೆ ನಿಂತಿದ್ದು ಮಳೆಗೆ ಮೊದಲೋ ನಂತರವೋ ಗೊತ್ತಾಗಲಿಲ್ಲ. ಮಾವ ಒಬ್ಬರೇ ಬಂದರು, ಹುಬ್ಬು ಸುಟ್ಟಿತ್ತು.

ಪಶ್ಚಿಮದ ಇಳಿಜಾರಿನಲ್ಲಿ ಸೌದೆಗೆ ಹೋದ ಹೆಂಗಸರಿದ್ದರಂತೆ. ಆ ಕಡೆ ನಾನು ನೋಡಿರಲಿಲ್ಲ. ಗಂಟೆ ಕೇಳಿ ಇಳಿದು ಬದುಕಿದರು. ಹೊಗೆಯೊಳಗೆ ತಾತ ಕೂಗುತ್ತಿದ್ದುದು ಅವರಿಗೆ ಕೇಳಿಸಿತಂತೆ. ಕಡ್ಡಿ, ಕಡ್ಡಿ, ಎಂದು.

ಗಾಳಿ, ಎಲೆ, ಮೋಡ ಎಲ್ಲ ನೋಡಿದ್ದೆ. ನನ್ನನ್ನು ಹುಡುಕಿಕೊಂಡು ಒಬ್ಬರು ಬರುತ್ತಾರೆ ಎಂಬುದು ತಲೆಗೆ ಬಂದಿರಲಿಲ್ಲ.

ಜೂನ್ 4

ನಿದ್ದೆ ಬರುತ್ತಿಲ್ಲ. ಮಳೆ ಚೆನ್ನಾಗಿ ಬೀಳುತ್ತಿದೆ.

ಜೂನ್ 12

ಸಾಹೇಬರು ವಿಚಾರಣೆಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಮಾವ "ಸಿಡಿಲು ಸಾರ್" ಎಂದರು. ನನ್ನ ಕಡೆ ನೋಡಲಿಲ್ಲ.

"ನೀನು ಗೋಪುರದಲ್ಲಿದ್ದೆ ಅಲ್ವಾ? ಗುಡುಗಿತ್ತಾ?"

"ಹೂಂ ಸಾರ್, ಗುಡುಗ್ತಾ ಇತ್ತು."

"ಬೆಂಕಿ ಕಂಡ ಮೇಲೆ ಏನು ಮಾಡಿದೆ?"

"ಓಡಿ ಇಳಿದೆ."

"ಗಂಟೆ ಯಾಕೆ ಹೊಡೀಲಿಲ್ಲ?"

"ಭಯ ಆಯ್ತು."

ಒಂದೂ ಸುಳ್ಳಲ್ಲ. ಸಾಹೇಬರು ನನ್ನ ತಲೆ ನೇವರಿಸಿ, "ಮಗು ಅದು, ಬಿಡಿ" ಎಂದರು.

ಜೂನ್ 27

ಗುಡ್ಡ ಎದ್ದಿದೆ.

ಕಪ್ಪು ಮಣ್ಣಿನ ಮೇಲೆ ಎಲ್ಲಿ ನೋಡಿದರೂ ಎರಡೆರಡು ಎಲೆ. ಕಾಲಿಡಲು ಜಾಗವಿಲ್ಲ. ದೊಡ್ಡ ಮರಗಳಲ್ಲಿ ಅರ್ಧ ನಿಂತಿವೆ, ಬುಡ ಮಾತ್ರ ಕಪ್ಪಾಗಿದೆ. ಸಾಹೇಬರು ಫೋಟೋ ತೆಗೆಸಿಕೊಂಡರು. ಗಣಿಯ ಮಾತು ನಿಂತಿದೆ, ನರ್ಸರಿ ಉಳಿಯಿತು. ಅತ್ತೆ ಪೆಟ್ಟಿಗೆಗಳನ್ನು ಮತ್ತೆ ಅಟ್ಟಕ್ಕೆ ಹಾಕಿದ್ದಾರೆ. ಆದರೆ ಬೆಂಕಿಪೊಟ್ಟಣ ಈಗ ಒಲೆಯ ಪಕ್ಕದಲ್ಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಒಲೆ ಹಚ್ಚಲು ನನ್ನನ್ನು ಕರೆಯುವುದಿಲ್ಲ. ಏನೂ ಕೇಳುವುದಿಲ್ಲ.

ಕೇಳಲಿ ಎಂದು ಎರಡು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತೆ. "ಹೋಗಮ್ಮ, ಕೆಲಸ ಇದ್ರೆ ನೋಡ್ಕೊ," ಎಂದರು. ಮೊದಲು ನನ್ನನ್ನು ಅಮ್ಮ ಎನ್ನುತ್ತಿರಲಿಲ್ಲ, ಕಡ್ಡಿ ಎನ್ನುತ್ತಿದ್ದರು. ಈಗ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ.

ಗೋಪುರದ ಏಣಿಯ ಬುಡದಲ್ಲಿ, ತಾತ ಸಿಕ್ಕಿದ ಜಾಗದಲ್ಲಿ, ಮೊಳಕೆ ಎಲ್ಲ ಕಡೆಗಿಂತ ದಟ್ಟವಾಗಿದೆ. ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಕಳೆ ಕಿತ್ತೆ.

ಜುಲೈ 19

ಗೋಪುರಕ್ಕೆ ಆಳು ಬೇಕಿತ್ತು. ತಾತ ನನ್ನ ಹೆಸರನ್ನು ಸಾಹೇಬರಿಗೆ ಮೊದಲೇ ಹೇಳಿಟ್ಟಿದ್ದರಂತೆ. ಮಾವ ಬೇಡ ಎನ್ನಲು ಹೋಗಿ, ತಟ್ಟೆಗಳಿಗೆ ನೀರು ಚಿಮುಕಿಸತೊಡಗಿದರು. ನಾನು ಹೂಂ ಎಂದೆ.

ಹೊಸ ಹಗ್ಗ ಕಟ್ಟಿದ್ದಾರೆ. ಡಬ್ಬವೂ ಹೊಸದು. ಇವತ್ತು ಮೊದಲನೇ ದಿನ. ಸೌದೆಯ ಹೆಂಗಸರು ಬಂದು ತಾವಾಗಿಯೇ ಕೈ ಎತ್ತಿ ನಿಂತರು. ಒಬ್ಬೊಬ್ಬರದಾಗಿ ಜೇಬು, ಮಡಿಲು ತಡವಿದೆ. ಸಿಕ್ಕ ಪೊಟ್ಟಣಗಳನ್ನು ಡಬ್ಬಕ್ಕೆ ಹಾಕಿದೆ. ಹೋಗುವಾಗ ಒಬ್ಬಳು ವಾಪಸು ಕೇಳಲು ಮರೆತಳು. ನಾನೂ ನೆನಪಿಸಲಿಲ್ಲ.

ಇಲ್ಲಿ ಕೂತರೆ ನನಗೆ ಚಡಪಡಿಕೆ ಇಲ್ಲ. ಕಣಿವೆಯ ಆಚೆ ಇನ್ನೊಂದು ಗುಡ್ಡ ಚೆನ್ನಾಗಿ ಕಾಣುತ್ತದೆ. ಅಲ್ಲೂ ಕಲ್ಲುಬೀಜದ ಮರಗಳೇ, ಎಲ್ಲ ಮುದಿ. ಅದರ ಮಡಿಲಲ್ಲಿ ನಾಲ್ಕಾರು ಮನೆಗಳಿವೆ. ಸಂಜೆ ಹೊತ್ತು ಒಲೆಗಳ ಹೊಗೆ ಏಳುತ್ತದೆ, ನೇರವಾಗಿ ಏಳುವುದಿಲ್ಲ, ಎಡಕ್ಕೆ ವಾಲುತ್ತದೆ.

ತರಗೆಲೆ ಎಷ್ಟು ದಪ್ಪ ಇದೆಯೋ ಇಲ್ಲಿಂದ ಕಾಣುವುದಿಲ್ಲ. ಬೇಸಗೆ ಬರಲಿ, ಒಂದು ಸಲ ಹೋಗಿ ಬರಬೇಕು. ಸುಮ್ಮನೆ ನೋಡಲಿಕ್ಕೆ.